ನೋಂಬಿನ ಮೇಲೆ ಬಂದ ಆರೋಪ, 3 ಮಿಲಿಸೆಕೆಂಡಿನ ಲೆಕ್ಕ



ಮದುವೆ ಮನೆಯಲ್ಲೋ ಮಸೀದಿಯ ಅಂಗಳದಲ್ಲೋ ಹಿರಿಯರು ಸಿಕ್ಕಿ "ನಿನಗೆ ಈಗ ಎಂಥ ಕೆಲಸ?" ಎಂದು ಕೇಳಿದರೆ "ಮೆಷಿನ್ ರಿಪೇರಿ" ಎಂದು ಹೇಳಿ ಮುಗಿಸುತ್ತೇನೆ. ಸುಳ್ಳಲ್ಲ, ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಈಗಿನ ಮೆಷಿನ್‌ಗಳು ಅರ್ಧ ಕಬ್ಬಿಣ, ಅರ್ಧ ಕಂಪ್ಯೂಟರ್. ಕಬ್ಬಿಣದ ದೋಷ ಕೈಗೆ ಸಿಗುತ್ತದೆ. ಬೇರಿಂಗ್ ಸವೆದರೆ ಶಬ್ದ ಬರುತ್ತದೆ, ಬೆಲ್ಟ್ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿನ ಒಳಗಿನ ದೋಷ ಬಂದು ಹೋದ ಮೇಲೆ ಗುರುತೇ ಇರುವುದಿಲ್ಲ. ಗುರುತು ಇಲ್ಲದ ತಪ್ಪಿಗೆ ಜನ ಬೇಗ ಒಬ್ಬ ಮನುಷ್ಯನ ಹೆಸರು ಇಟ್ಟುಬಿಡುತ್ತಾರೆ. ಈ ಬರಹ ಅಂಥ ಒಂದು ತಪ್ಪಿನ ಬಗ್ಗೆ. ಸ್ವಲ್ಪ ಕಂಪ್ಯೂಟರ್ ವಿಷಯ ಬರುತ್ತದೆ, ಅದನ್ನು ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ.

ಒಂದು ಸಣ್ಣ ವರ್ಕ್‌ಶಾಪ್. ಹೆಸರು ಬೇಡ, ಮಾಲಕರು ಕೆಟ್ಟವರೇನಲ್ಲ. ಅಲ್ಲಿ ಒಂದು ಸಿಎನ್‌ಸಿ ರೂಟರ್ ಇದೆ. ಬೆಳಿಗ್ಗೆ ಎಂಡಿಎಫ್ ಹಲಗೆಯಲ್ಲಿ ಡಿಸೈನ್ ಕೊರೆಯುತ್ತದೆ, ಬೇಡಿಕೆ ಇದ್ದಾಗ ಅಲ್ಯುಮಿನಿಯಂ ಪ್ಲೇಟಿನಲ್ಲಿ ತೂತು ಮಾಡುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರದ ಶಿಫ್ಟ್‌ನಲ್ಲಿ ನಮ್ಮ ಊರ ಕಡೆಯ ಒಬ್ಬ ಹುಡುಗ ಕೆಲಸಕ್ಕಿದ್ದ. ಐಟಿಐ ಕಲಿತವನು, 22 ವರ್ಷ. ರಂಝಾನ್ ತಿಂಗಳು ಸೆಖೆಗಾಲಕ್ಕೆ ಬಿದ್ದ ವರ್ಷ ಅದು. ಅವನ ಶಿಫ್ಟ್‌ನಲ್ಲಿ ಅಲ್ಯುಮಿನಿಯಂ ಪ್ಲೇಟುಗಳು ಹಾಳಾಗಲು ಶುರುವಾದವು. ತೂತುಗಳು ಜಾಗ ಬಿಟ್ಟು ಸ್ವಲ್ಪ ಆಚೆ ಬೀಳುತ್ತಿದ್ದವು. ಬೆಳಗಿನ ಶಿಫ್ಟ್‌ನಲ್ಲಿ ಒಂದೂ ಹಾಳಾಗುತ್ತಿರಲಿಲ್ಲ. ಇನ್ನೂ ಒಂದು ವಿಷಯ ಎಲ್ಲರ ಕಣ್ಣಿಗೆ ಬಿತ್ತು. ಸಂಜೆ ಮಗ್ರಿಬ್ ಬಾಂಕ್ ಆಗಿ ಅವನು ನೋಂಬು ತೆರೆದು ಬಂದ ಮೇಲೆ ಕೆಲಸ ಸರಿಯಾಗಿ ಬರುತ್ತಿತ್ತು.

ಇಷ್ಟು ಸಾಕಲ್ಲ! "ಹೊಟ್ಟೆಗೆ ಇಲ್ಲದೆ ತಲೆ ತಿರುಗುತ್ತದೆ, ಪ್ಲೇಟ್ ಸರಿಯಾಗಿ ಬಿಗಿಯುವುದಿಲ್ಲ" ಎಂದು ಒಬ್ಬರು ಹೇಳಿದರು, ಉಳಿದವರು ಒಪ್ಪಿದರು. ಯಾರೂ ದ್ವೇಷದಿಂದ ಹೇಳಿದ್ದಲ್ಲ, ಪಾಪ ಎಂಬ ಭಾವನೆಯಿಂದಲೇ ಹೇಳಿದ್ದು. ಆದರೆ ಹಾಳಾದ ಪ್ಲೇಟಿನ ದುಡ್ಡನ್ನು ಅವನ ಸಂಬಳದಲ್ಲಿ ಮುರಿದುಕೊಂಡರು. "ನೋಂಬು ಇರುವಷ್ಟು ದಿನ ರಜೆ ತಗೊ, ಆಮೇಲೆ ನೋಡುವ" ಎಂದರು. ದಿನಗೂಲಿಯ ಹುಡುಗನಿಗೆ ಪೆರ್ನಾಲ್ ಹಬ್ಬದ ಮೊದಲು ರಜೆ ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಅವನು ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದ, "ಇಚ್ಚ, ನಾನು ಬಿಗಿದದ್ದು ಸರಿ ಇದೆ. ನೀವು ಒಮ್ಮೆ ಬಂದು ನೋಡಿ."

ನಾನು ಹೋಗಿ ಮೊದಲು ಅಳತೆ ತೆಗೆದೆ. ಕೆಲಸ ಮುಗಿದ ಮೇಲೆ ಮೆಷಿನ್ ಅನ್ನು ಸೊನ್ನೆಯ ಜಾಗಕ್ಕೆ ವಾಪಸ್ಸು ತಂದು ಡಯಲ್ ಗೇಜ್ ಇಟ್ಟು ನೋಡಿದರೆ ವ್ಯತ್ಯಾಸ 0.1 ಮಿಲಿಮೀಟರ್. ಇನ್ನೊಂದು ಪ್ಲೇಟಿಗೆ 0.3. ಮತ್ತೊಂದಕ್ಕೆ 0.2. ಒಮ್ಮೆಯೂ 0.15 ಬರಲಿಲ್ಲ, 0.27 ಬರಲಿಲ್ಲ. ಪ್ಲೇಟ್ ಸಡಿಲವಾಗಿ ಜಾರಿದ್ದರೆ ಹೀಗೆ ಲೆಕ್ಕ ಹಾಕಿ ಜಾರುವುದಿಲ್ಲ. ಅದು ಮನಸ್ಸು ಬಂದಷ್ಟು ಜಾರುತ್ತದೆ. ಅದಲ್ಲದೆ ಪ್ಲೇಟ್ ಜಾರಿದ್ದರೆ ಮೆಷಿನಿನ ಸೊನ್ನೆ ಯಾಕೆ ತಪ್ಪಬೇಕು?

ಆ ಮೆಷಿನಿನಲ್ಲಿರುವುದು ಸ್ಟೆಪ್ಪರ್ ಮೋಟಾರ್. ಇದರ ಒಳಗಿನ ರೋಟರಿಗೆ 50 ಹಲ್ಲುಗಳು, ಒಂದು ಹಲ್ಲಿಗೆ 4 ಸ್ಟೆಪ್, ಒಟ್ಟು ಒಂದು ಸುತ್ತಿಗೆ 200 ಸ್ಟೆಪ್. ಕಂಪ್ಯೂಟರ್ ಒಂದೊಂದು ಪಲ್ಸ್ ಕಳಿಸಿದ ಹಾಗೆ ಮೋಟಾರ್ ಒಂದೊಂದು ಹೆಜ್ಜೆ ಇಡುತ್ತದೆ. ಹಿಡಿತ ತಪ್ಪಿದರೆ ಅದು ಅರ್ಧದಲ್ಲಿ ನಿಲ್ಲುವುದಿಲ್ಲ, ಪಕ್ಕದ ಹಲ್ಲಿಗೆ ಹೋಗಿ ಕೂರುತ್ತದೆ. ಮೆಷಿನಿನ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುತ್ತದೆ. 5ನ್ನು 50ರಿಂದ ಭಾಗಿಸಿದರೆ 0.1. ಅಂದರೆ ಮೋಟಾರ್ ಒಂದು ಹಲ್ಲು, ಎರಡು ಹಲ್ಲು, ಮೂರು ಹಲ್ಲು ಜಾರುತ್ತಿತ್ತು. ಇದು ಕೈಯಿಂದ ಆಗುವ ತಪ್ಪೇ ಅಲ್ಲ. ಆದರೆ ಇಷ್ಟು ಹೇಳಿದರೆ ಮಾಲಕರು ಒಪ್ಪುವರೇ? "ಹಾಗಾದರೆ ಬೆಳಿಗ್ಗೆ ಯಾಕೆ ಜಾರುವುದಿಲ್ಲ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವವರೆಗೆ ಹುಡುಗನ ಮೇಲಿನ ಆರೋಪ ಹೋಗುವುದಿಲ್ಲ.

ಮೋಟಾರಿಗೆ ಪಲ್ಸ್ ಕಳಿಸುವುದು ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶ. ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ 1990ರ ದಶಕದಲ್ಲಿ ನಡೆದ ಕೆಲಸದಿಂದ ಬೆಳೆದು ಬಂದದ್ದು, ಸಣ್ಣ ವರ್ಕ್‌ಶಾಪಿನವರಿಗೆ ದೊಡ್ಡ ಉಪಕಾರ. ಇಲ್ಲಿ ಪಲ್ಸ್ ಹೊತ್ತಿಗೆ ಸರಿಯಾಗಿ ಹೋಗಬೇಕು. ಸಾವಿರದಲ್ಲಿ ಒಂದು ಸೆಕೆಂಡಿನಷ್ಟು ತಡವಾದರೂ ಲೆಕ್ಕಕ್ಕೆ ಬರುತ್ತದೆ. ತಡ ಮಾಡಿದವರು ಯಾರು ಎಂದು ಹುಡುಕಲು ಕರ್ನಲ್ ಒಳಗೆ ಹೋಗಬೇಕಾಯಿತು.

ಕರ್ನಲ್ ಎಂದರೆ ಕಂಪ್ಯೂಟರಿನ ಯಜಮಾನ ಪ್ರೋಗ್ರಾಂ. ಕೀಲಿ ಒತ್ತಿದರೆ, ನೆಟ್‌ವರ್ಕಿನಿಂದ ಏನಾದರೂ ಬಂದರೆ, ಗಡಿಯಾರದ ಹೊತ್ತು ಆದರೆ ಮೊದಲ ಸುದ್ದಿ ಹೋಗುವುದು ಅದಕ್ಕೆ. ಇವನ್ನು ಈವೆಂಟ್ ಎನ್ನುತ್ತಾರೆ. "ಇಂಥ ಈವೆಂಟ್ ಆದಾಗ ನನ್ನನ್ನು ಕರೆಯಿರಿ" ಎಂದು ಬೇರೆ ಬೇರೆ ಪ್ರೋಗ್ರಾಂ ಭಾಗಗಳು ಮೊದಲೇ ಕರ್ನಲ್‌ನಲ್ಲಿ ಹೆಸರು ಬರೆಸಿ ಇಟ್ಟಿರುತ್ತವೆ. ಹಾಗೆ ಕರೆಯುವುದಕ್ಕೆ ಕಾಲ್‌ಬ್ಯಾಕ್ ಎಂದು ಹೆಸರು.

ನಮ್ಮ ತಲೆಮಾರಿನವರಿಗೆ ಇದು ಹೊಸತಲ್ಲ. ಮೊಬೈಲ್ ಬರುವ ಮೊದಲು ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಜೀನಸು ಅಂಗಡಿಗಳಲ್ಲಿ ಇಡೀ ಕೇರಿಗೆ ಒಂದೇ ಫೋನ್ ಇತ್ತು. ನಮ್ಮ ಉಪ್ಪನ ಅಂಗಡಿಯಲ್ಲೂ ಇತ್ತು. ಗಲ್ಫಿನಿಂದ ಕರೆ ಬರುತ್ತಿತ್ತು. ಉಪ್ಪ ಎತ್ತಿ ಹೆಸರು ಕೇಳಿ, "ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸುತ್ತೇನೆ" ಎಂದು ಹೇಳಿ ತಕ್ಷಣ ಇಡುತ್ತಿದ್ದರು. ಆಮೇಲೆ ನನ್ನನ್ನು ಆ ಮನೆಗೆ ಓಡಿಸುತ್ತಿದ್ದರು. ಫೋನಿನಲ್ಲಿ ಯಾಕೆ ಹೆಚ್ಚು ಮಾತಾಡುವುದಿಲ್ಲ ಎಂದರೆ ಎರಡು ಕಾರಣ. ಆ ಕಡೆಯವನಿಗೆ ನಿಮಿಷಕ್ಕೆ ದುಡ್ಡು ಹೋಗುತ್ತದೆ. ಈ ಕಡೆ ಲೈನ್ ಹಿಡಿದಿಟ್ಟರೆ ಇನ್ನೊಬ್ಬರ ಮನೆಯ ಕರೆ ಒಳಗೆ ಬರುವುದಿಲ್ಲ. ತುರ್ತಿನ ಭಾಗ ಸಣ್ಣದು, ಓಡಾಟದ ಭಾಗ ಆಮೇಲೆ.

ಕರ್ನಲ್ ಬರೆಯುವವರ ನಿಯಮವೂ ಇದೇ. ಸುದ್ದಿ ಬಂದ ಕೂಡಲೇ ಮಾಡುವ ಕೆಲಸ ಅತಿ ಚಿಕ್ಕದಾಗಿರಬೇಕು. ಉದ್ದದ ಕೆಲಸವನ್ನು ಪಕ್ಕಕ್ಕೆ ಬರೆದಿಟ್ಟು ಆಮೇಲೆ ಮಾಡಬೇಕು. ಲಿನಕ್ಸ್‌ನಲ್ಲಿ ಮೊದಲನೆಯದನ್ನು ಮೇಲಿನ ಅರ್ಧ, ಎರಡನೆಯದನ್ನು ಕೆಳಗಿನ ಅರ್ಧ ಎಂದೇ ಕರೆಯುವ ರೂಢಿ ಇದೆ. ವಿಂಡೋಸ್‌ಗೆ ಡ್ರೈವರ್ ಬರೆಯುವವರಿಗೆ ಮೈಕ್ರೊಸಾಫ್ಟ್ ಕೊಡುವ ಸಲಹೆಯಲ್ಲಿ ಮೊದಲ ಭಾಗ 25 ಮೈಕ್ರೊಸೆಕೆಂಡ್, ಮುಂದೂಡಿದ ಭಾಗ 100 ಮೈಕ್ರೊಸೆಕೆಂಡ್ ಮೀರಬಾರದು ಎಂದಿದೆ. ಒಂದು ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಯಾವಾಗಲಾದರೂ ನೀಲಿ ಪರದೆ ಬಂದು "ಡಿಪಿಸಿ ವಾಚ್‌ಡಾಗ್ ವಯೊಲೇಶನ್" ಎಂದು ಬರೆದಿದ್ದರೆ, ಮುಂದೂಡಿದ ಇಂಥ ಕೆಲಸ ಮಿತಿ ಮೀರಿ ಕೂತಿತು ಎಂದು ಅರ್ಥ.

ನಮ್ಮ ಮೆಷಿನಿನ ವಿಷಯಕ್ಕೆ ಬರುವ. ಲಿನಕ್ಸ್‌ಸಿಎನ್‌ಸಿಯಲ್ಲೇ ಒಂದು ಪರೀಕ್ಷೆ ಇದೆ. ಕರೆಯಬೇಕಾದ ಹೊತ್ತಿಗಿಂತ ಎಷ್ಟು ತಡವಾಗಿ ಕರೆ ಬಂತು ಎಂದು ಅದು ಅಳೆಯುತ್ತದೆ. ತಡ 15ರಿಂದ 20 ಮೈಕ್ರೊಸೆಕೆಂಡಿನ ಒಳಗಿದ್ದರೆ ಬಹಳ ಒಳ್ಳೆಯದು, 30ರಿಂದ 50 ಇದ್ದರೂ ನಡೆಯುತ್ತದೆ, 100 ದಾಟಿದರೆ ಆ ಕಂಪ್ಯೂಟರ್ ಈ ಕೆಲಸಕ್ಕೆ ಆಗದು ಎಂದು ಅದರ ಕೈಪಿಡಿ ಹೇಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ನೋಡಿದೆ, 30ರ ಆಸುಪಾಸು. ಮಧ್ಯಾಹ್ನ ಮೂರಕ್ಕೆ ನೋಡಿದೆ, 3,000 ದಾಟಿತ್ತು. ಮೆಷಿನ್ ಕೂರಿಸಿದವರು ಬೆಳಗಿನ ತಂಪಿನಲ್ಲಿ ಐದು ನಿಮಿಷ ಪರೀಕ್ಷೆ ಮಾಡಿ ಹೋಗಿದ್ದರಂತೆ.

3,000 ಮೈಕ್ರೊಸೆಕೆಂಡ್ ಎಂದರೆ 3 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲೂ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಆದರೆ ಮೋಟಾರಿನ ಲೆಕ್ಕ ನೋಡಿ. ಮೆಷಿನ್ ಒಂದು ತೂತಿನಿಂದ ಇನ್ನೊಂದಕ್ಕೆ ಖಾಲಿ ಓಡುವಾಗ ನಿಮಿಷಕ್ಕೆ 1,200 ಮಿಲಿಮೀಟರ್ ವೇಗ. ಸೆಕೆಂಡಿಗೆ 20 ಮಿಲಿಮೀಟರ್, ಅಂದರೆ 4 ಸುತ್ತು, ಅಂದರೆ 200 ಹಲ್ಲು. ಒಂದು ಹಲ್ಲಿಗೆ 5 ಮಿಲಿಸೆಕೆಂಡ್. ಅದರಲ್ಲಿ 3 ಮಿಲಿಸೆಕೆಂಡ್ ಪಲ್ಸ್ ನಿಂತರೆ ಅರ್ಧ ಹಲ್ಲಿಗಿಂತ ಹೆಚ್ಚು ಹಿಂದೆ ಬಿದ್ದ ಹಾಗೆ. ಅಷ್ಟಾದರೆ ಹಿಡಿತ ತಪ್ಪುತ್ತದೆ. ಲೋಹ ಕತ್ತರಿಸುವಾಗ ವೇಗ ಅರ್ಧಕ್ಕಿಂತ ಕಡಿಮೆ, ಆಗ ಜಾರುವುದಿಲ್ಲ. ಮೆಷಿನ್ ಖಾಲಿ ಓಡುವಾಗ, ಆಪರೇಟರ್ ಕೈ ಕಟ್ಟಿ ನಿಂತಿರುವಾಗ ಮಾತ್ರ ಜಾರುತ್ತದೆ! ಕಂಪ್ಯೂಟರಿಗೆ ಇದು ಗೊತ್ತೇ ಆಗುವುದಿಲ್ಲ. ಪಲ್ಸ್ ಕಳಿಸುವವನೂ ಲೆಕ್ಕ ಇಡುವವನೂ ಆ 3 ಮಿಲಿಸೆಕೆಂಡ್ ಒಟ್ಟಿಗೆ ನಿಂತು, ಒಟ್ಟಿಗೆ ಎದ್ದು ಮುಂದುವರಿಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿ. "ಅನಿರೀಕ್ಷಿತ ವಿಳಂಬ" ಎಂಬ ಇಂಗ್ಲಿಷ್ ಸಂದೇಶ ಒಂದು ಬರುತ್ತದೆ, ಆದರೆ ಮೆಷಿನ್ ಆನ್ ಮಾಡಿದ ಮೇಲೆ ಮೊದಲ ಸಲ ಮಾತ್ರ. ಅದನ್ನು ಒತ್ತಿ ಅಳಿಸುವುದು ಅಲ್ಲಿ ಅಭ್ಯಾಸವಾಗಿ ಹೋಗಿತ್ತು.

ಈಗ ಯಾರು ತಡ ಮಾಡಿದ್ದು ಎಂಬ ಪ್ರಶ್ನೆ. ಪ್ರೋಗ್ರಾಂ ಕಲಿಯುವಾಗ ಎಲ್ಲರೂ ಮೊದಲು ಮಾಡುವುದು ಅಲ್ಲಲ್ಲಿ "ಇಲ್ಲಿಗೆ ಬಂದೆ, ಅಲ್ಲಿಗೆ ಬಂದೆ" ಎಂದು ಪರದೆಗೆ ಬರೆಸುವುದು. ಕರ್ನಲ್‌ನಲ್ಲಿ ಇದು ಉಪಯೋಗವಿಲ್ಲ. ಬರೆಯುವ ಕೆಲಸವೇ ಅಳೆಯಬೇಕಾದ ಕೆಲಸಕ್ಕಿಂತ ಉದ್ದವಾಗುತ್ತದೆ. ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು ಇರುವಾಗ ಪ್ರತಿಯೊಬ್ಬರ ಹೆಸರನ್ನೂ ಚಂದದ ಅಕ್ಷರದಲ್ಲಿ ಬರೆಯಲು ಕೂತರೆ ತಡ ಆಗುವುದು ಬರೆಯುವವನಿಂದಲೇ.

ಇದಕ್ಕೆ ಲಿನಕ್ಸ್‌ನಲ್ಲಿ ಎಫ್‌ಟ್ರೇಸ್ ಎಂಬ ಸಾಧನ ಇದೆ. ಸ್ಟೀವನ್ ರೋಸ್ಟೆಡ್ ಎಂಬವರು ಮಾಡಿದ್ದು, 2008ರಲ್ಲಿ ಕರ್ನಲ್‌ಗೆ ಸೇರಿತು. ಇದರ ಉಪಾಯ ನನಗೆ ಬಹಳ ಇಷ್ಟ. ಕರ್ನಲ್‌ನ ಹೆಚ್ಚಿನ ಎಲ್ಲ ಫಂಕ್ಷನ್‌ಗಳ ಬಾಗಿಲಲ್ಲೂ ಏನೂ ಮಾಡದ ಒಂದು ಖಾಲಿ ಸೂಚನೆ ಇಟ್ಟಿರುತ್ತಾರೆ. ಬೇಡದಾಗ ಅದರಿಂದ ಭಾರ ಇಲ್ಲ ಎನ್ನುವಷ್ಟು ಕಡಿಮೆ. ಬೇಕಾದಾಗ, ಕಂಪ್ಯೂಟರ್ ಓಡುತ್ತಿರುವಾಗಲೇ, ಆ ಖಾಲಿ ಜಾಗದಲ್ಲಿ "ಹೊತ್ತು ಬರೆದುಕೋ" ಎಂಬ ಕರೆ ಹಾಕಬಹುದು. ಬರೆಯುವುದು ಮೆಮೊರಿಯಲ್ಲೇ, ಗೀಚಿದ ಹಾಗೆ, ಓದುವುದು ಆಮೇಲೆ. ಹೊಸ ತಂತ್ರಾಂಶ ಖರೀದಿಸಬೇಕಾಗಿಲ್ಲ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು ಮೊದಲೇ ಇರುತ್ತದೆ, ಒಂದು ಫೋಲ್ಡರಿನ ಫೈಲುಗಳಿಗೆ ಬರೆದು, ಓದಿದರೆ ಮುಗಿಯಿತು.

ಸರಾಸರಿ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ಮೊದಲು ಹೇಳಬೇಕು. ಆ 3 ಮಿಲಿಸೆಕೆಂಡಿನ ತಡ ಹೆಚ್ಚುಕಡಿಮೆ 10 ಸೆಕೆಂಡಿಗೊಮ್ಮೆ ಬರುತ್ತಿತ್ತು. ಶೇಕಡಾ ಲೆಕ್ಕದಲ್ಲಿ 0.03. "ಯಾವ ಪ್ರೋಗ್ರಾಂ ಹೆಚ್ಚು ಸಮಯ ತಿನ್ನುತ್ತದೆ" ಎಂದು ಪಟ್ಟಿ ತೆಗೆದರೆ ಅದು ಕಾಣುವುದೇ ಇಲ್ಲ. ಒಂದು ಗಂಟೆಯಲ್ಲಿ ನೂರು ಗಿರಾಕಿಗಳಿಗೆ ಬೇಗ ಸಾಮಾನು ಕೊಟ್ಟು, ಮಗುವಿಗೆ ಮದ್ದು ತರಲು ಬಂದ ಒಬ್ಬಳು ತಾಯಿಯನ್ನು ಅರ್ಧ ಗಂಟೆ ನಿಲ್ಲಿಸಿದರೆ ಸರಾಸರಿ ಚೆನ್ನಾಗಿಯೇ ಇರುತ್ತದೆ. ಕೇಳಬೇಕಾದದ್ದು ಸರಾಸರಿ ಎಷ್ಟು ಎಂದಲ್ಲ, ಅತಿ ಹೆಚ್ಚು ಕಾದವರು ಎಷ್ಟು ಕಾದರು ಎಂದು.

ಮೆಷಿನಿನಲ್ಲಿ ಕೆಲಸ ಇಲ್ಲದ ಹೊತ್ತು ನೋಡಿ ಎಫ್‌ಟ್ರೇಸ್ ಹಾಕಿದೆ. ಫಂಕ್ಷನ್‌ಗಳ ಉದ್ದವನ್ನು ತೋರಿಸುವ ಅದರ ಪಟ್ಟಿಯಲ್ಲಿ 1,000 ಮೈಕ್ರೊಸೆಕೆಂಡ್ ದಾಟಿದ ಸಾಲಿನ ಮುಂದೆ ಹ್ಯಾಶ್ ಗುರುತು ಬೀಳುತ್ತದೆ. ಗುರುತು ಬಿದ್ದ ಸಾಲುಗಳನ್ನು ಹಿಡಿದು ಹೋದರೆ ಪ್ರತಿ ಸಲವೂ ಸಿಕ್ಕಿದ್ದು ಒಂದೇ ಕಾಲ್‌ಬ್ಯಾಕ್. ಕಂಪ್ಯೂಟರಿನ ಬಿಸಿ ಎಷ್ಟಿದೆ ಎಂದು ಕೇಳುವ ಕೆಲಸ ಅದರದ್ದು. ಅದು ಮದರ್‌ಬೋರ್ಡಿನ ಒಳಗಿನ ಬಯಾಸ್‌ಗೆ "ಬಿಸಿ ಎಷ್ಟು?" ಎಂದು ಕೇಳುತ್ತದೆ, 3 ಮಿಲಿಸೆಕೆಂಡ್ ಕಳೆದು ಉತ್ತರ ಬರುತ್ತದೆ. ಆ ನಡುವೆ ಪಟ್ಟಿ ಖಾಲಿ. ಉಳಿದ ಕೋರ್‌ಗಳಲ್ಲೂ ಒಂದು ಸಾಲು ಇಲ್ಲ.

ಎಲ್ಲ ಕೋರ್‌ಗಳೂ ಒಟ್ಟಿಗೆ ಸುಮ್ಮನಾದವು ಎಂದರೆ ಕರ್ನಲ್‌ಗಿಂತ ಮೇಲಿನವರು ಯಾರೋ ಬಂದು ಕಂಪ್ಯೂಟರನ್ನು ಕೈಗೆ ತೆಗೆದುಕೊಂಡಿದ್ದಾರೆ ಎಂದು ಸಂಶಯ. ಅಂಥವರು ಒಬ್ಬರು ಇದ್ದಾರೆ. 1990ರಲ್ಲಿ ಇಂಟೆಲ್‌ನ 386 ಎಸ್‌ಎಲ್ ಚಿಪ್‌ನೊಂದಿಗೆ ಬಂದ ಸಿಸ್ಟಮ್ ಮ್ಯಾನೇಜ್‌ಮೆಂಟ್ ಮೋಡ್. ಬಯಾಸ್ ತನ್ನ ಕೆಲಸಕ್ಕೆ ಪ್ರೊಸೆಸರನ್ನು ಕರ್ನಲ್‌ಗೆ ಹೇಳದೆ ಕೇಳದೆ ನಿಲ್ಲಿಸಿ, ಮುಗಿದ ಮೇಲೆ ಬಿಟ್ಟುಕೊಡುತ್ತದೆ. ಕರ್ನಲ್‌ಗೆ ನಿದ್ದೆ ಬಂದು ಎದ್ದ ಹಾಗೆ. ಇದನ್ನು ಹಿಡಿಯಲು 2016ರಿಂದ ಕರ್ನಲ್‌ನಲ್ಲೇ ಎಚ್‌ಡಬ್ಲ್ಯುಲ್ಯಾಟ್ ಎಂಬ ಟ್ರೇಸರ್ ಇದೆ. ಅದು ಒಂದು ಕೋರ್‌ಗೆ ಬಾಗಿಲು ಹಾಕಿ, ಯಾರ ಕರೆಯನ್ನೂ ಒಳಗೆ ಬಿಡದೆ, ಗಡಿಯಾರವನ್ನೇ ನೋಡುತ್ತಾ ಕೂರುತ್ತದೆ. ಬಾಗಿಲು ಹಾಕಿದ್ದರೂ ಗಡಿಯಾರ ಮುಂದಕ್ಕೆ ಹಾರಿದರೆ ಒಳಗೆ ಬಂದವರು ಬಾಗಿಲಿನಿಂದ ಬಂದವರಲ್ಲ ಎಂದು ಲೆಕ್ಕ. ಮಧ್ಯಾಹ್ನ ಹಾಕಿದೆ, 3,000 ಮೈಕ್ರೊಸೆಕೆಂಡಿನ ಹಾರುವಿಕೆ ಸಿಕ್ಕಿತು. ಇಂಟೆಲ್ ಪ್ರೊಸೆಸರಿನಲ್ಲಿ ಹೀಗೆ ಎಷ್ಟು ಸಲ ಆಯಿತು ಎಂದು ಎಣಿಸುವ ಒಂದು ಮೀಟರ್ ಕೂಡ ಇರುತ್ತದೆ, ಟರ್ಬೊಸ್ಟ್ಯಾಟ್ ಎಂಬ ಉಪಕರಣ ಅದನ್ನು ತೋರಿಸುತ್ತದೆ. ಬಿಸಿ ಕೇಳಿದಾಗಲೆಲ್ಲ ಆ ಮೀಟರ್ ಏರುತ್ತಿತ್ತು. ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದವು.

ಬೆಳಿಗ್ಗೆ ಯಾಕೆ ಇಲ್ಲ? ಈ ಬೋರ್ಡಿನಲ್ಲಿ ಬಿಸಿ ಒಂದು ಮಿತಿ ದಾಟುವವರೆಗೆ ಕರ್ನಲ್ ಪದೇ ಪದೇ ಕೇಳುವುದಿಲ್ಲ. ದಾಟಿದ ಮೇಲೆ, ಅಪಾಯ ಆಗದಿರಲಿ ಎಂದು, ಗಳಿಗೆ ಗಳಿಗೆಗೂ ಕೇಳಲು ಶುರು ಮಾಡುತ್ತದೆ. ಜ್ವರ ಇಲ್ಲದ ಮಗುವಿನ ಹಣೆ ಮುಟ್ಟಿ ನೋಡುವುದಿಲ್ಲ, ಜ್ವರ ಬಂದರೆ ಉಮ್ಮ ರಾತ್ರಿಯಿಡೀ ಮುಟ್ಟಿ ನೋಡುತ್ತಾಳೆ. ವರ್ಕ್‌ಶಾಪಿಗೆ ಶೀಟಿನ ಮಾಡು. ಮಧ್ಯಾಹ್ನ ಎರಡರಿಂದ ಒಳಗೆ ಒಲೆಯ ಹಾಗೆ ಸೆಖೆ. ಸಂಜೆ ಆರೂವರೆ ಕಳೆದು ಬಾಂಕ್ ಕೊಡುವ ಹೊತ್ತಿಗೆ ಬಿಸಿಲು ಇಳಿದು ಕಂಪ್ಯೂಟರ್ ತಣ್ಣಗಾಗುತ್ತದೆ. ಹುಡುಗ ನೋಂಬು ತೆರೆಯುವುದೂ ಆಗಲೇ. ಎರಡೂ ಸೂರ್ಯನನ್ನು ನೋಡಿಕೊಂಡು ನಡೆಯುವ ವಿಷಯ, ಆದ್ದರಿಂದ ಎರಡೂ ಒಟ್ಟಿಗೆ ಕಂಡವು.

ಇಲ್ಲಿಗೆ ಬಿಟ್ಟರೆ ಅದು ನನ್ನ ವಾದ ಮಾತ್ರ ಆಗುತ್ತಿತ್ತು. ಮಾಲಕರ ಎದುರೇ ಪರೀಕ್ಷೆ ಮಾಡಬೇಕೆಂದು ಹೇಳಿದೆ. ಮರುದಿನ ಬೆಳಿಗ್ಗೆ ಒಂಬತ್ತು ಗಂಟೆ, ಬೆಳಗಿನ ಶಿಫ್ಟಿನ ಹಿರಿಯ ಆಪರೇಟರ್, ಹೊಟ್ಟೆ ತುಂಬ ತಿಂಡಿ ತಿಂದು ಬಂದವರು. ಕಂಪ್ಯೂಟರಿನ ಪೆಟ್ಟಿಗೆಗೆ ತಲೆಕೂದಲು ಒಣಗಿಸುವ ಡ್ರೈಯರಿನಿಂದ ನಿಧಾನಕ್ಕೆ ಬಿಸಿ ಗಾಳಿ ಕೊಟ್ಟೆವು. ಮಿತಿ ದಾಟಿದ್ದೇ ತಡ, ವಿಳಂಬದ ಸಂಖ್ಯೆ 30ರಿಂದ 3,000ಕ್ಕೆ ಹಾರಿತು. ಪ್ಲೇಟಿನ ಸೊನ್ನೆ 0.2 ಮಿಲಿಮೀಟರ್ ತಪ್ಪಿತು. ಡ್ರೈಯರ್ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿ. ಮಾಲಕರು ಡಯಲ್ ಗೇಜನ್ನು ತಾವೇ ಓದಿದರು. ಏನೂ ಹೇಳಲಿಲ್ಲ. ಹಿರಿಯ ಆಪರೇಟರ್ ಮಾತ್ರ ನಕ್ಕು "ಈಗ ನನಗೂ ಉಪವಾಸವೋ?" ಎಂದರು.

ರಿಪೇರಿ ಏನು ಎಂದು ಕೇಳಿದರೆ ನಗು ಬರಬಹುದು. ಪೆಟ್ಟಿಗೆ ತೆರೆದಾಗ ಪ್ರೊಸೆಸರಿನ ಹೀಟ್‌ಸಿಂಕ್ ತುಂಬ ಎಂಡಿಎಫ್ ಪುಡಿ, ಕಂಬಳಿ ಹೊದೆಸಿದ ಹಾಗೆ. ಫ್ಯಾನ್ ತಿರುಗುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಬ್ರಷ್‌ನಲ್ಲಿ ತೆಗೆದು, ಪೇಸ್ಟ್ ಬದಲಿಸಿ, ಗಾಳಿ ಹೋಗುವ ಕಡೆ ಜಾಲರಿ ಹಾಕಿದೆವು. ಬಿಸಿ ಕೇಳುವ ಕಾಲ್‌ಬ್ಯಾಕನ್ನೇ ನಿಲ್ಲಿಸುವ ದಾರಿಯೂ ಕರ್ನಲ್‌ನಲ್ಲಿ ಇದೆ, ಒಂದು ಸಾಲು ಬರೆದರೆ ಆಗುತ್ತದೆ. ಅದು ಬೇಡ ಎಂದೆ. ಅದು ತನ್ನ ಕೆಲಸ ಮಾಡುತ್ತಿತ್ತು. ಬಿಸಿ ಇದೆ ಎಂದು ಹೇಳುವವನ ಬಾಯಿ ಮುಚ್ಚಿದರೆ ಬಿಸಿ ಕಡಿಮೆಯಾಗುವುದಿಲ್ಲ. ಮುಂದೆ ದುಡ್ಡು ಕೂಡಿದಾಗ ಪಲ್ಸ್ ಕಳಿಸುವ ಕೆಲಸವನ್ನು ಬೇರೆಯೇ ಒಂದು ಕಾರ್ಡಿಗೆ ಕೊಡಿ, ಆಗ ಕಂಪ್ಯೂಟರ್ 3 ಮಿಲಿಸೆಕೆಂಡ್ ನಿಂತರೂ ಮೋಟಾರಿಗೆ ತೊಂದರೆ ಇಲ್ಲ ಎಂದು ಬರೆದುಕೊಟ್ಟೆ.

ಸಣ್ಣ ವರ್ಕ್‌ಶಾಪಿನ ವಿಷಯ ಎಂದು ಬಿಡಬೇಡಿ. 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹಕ್ಕೆ ಇಳಿದು ಕೆಲವು ದಿನಗಳಲ್ಲೇ ಅದರ ಕಂಪ್ಯೂಟರ್ ತಾನಾಗಿ ಮತ್ತೆ ಮತ್ತೆ ಹೊಸದಾಗಿ ಶುರುವಾಗತೊಡಗಿತು. ಭೂಮಿಯಲ್ಲಿದ್ದ ಅದರ ಜೋಡಿ ಕಂಪ್ಯೂಟರಿನಲ್ಲಿ ಎಂಜಿನಿಯರ್‌ಗಳು ಈವೆಂಟ್‌ಗಳ ದಾಖಲೆ ಹಾಕಿ ಅದೇ ತಪ್ಪು ಬರುವವರೆಗೆ ಕಾದರು. ಹವಾಮಾನ ಅಳೆಯುವ ಕಡಿಮೆ ತುರ್ತಿನ ಕೆಲಸವೊಂದು ಬೀಗ ಹಿಡಿದು ಕೂತಿತ್ತು. ಅತಿ ತುರ್ತಿನ ಕೆಲಸ ಆ ಬೀಗಕ್ಕೆ ಕಾಯುತ್ತಿತ್ತು. ಮಧ್ಯಮ ತುರ್ತಿನ ಕೆಲಸಗಳು ನಡುವೆ ಬಂದು ಬೀಗ ಹಿಡಿದವನಿಗೆ ಮುಗಿಸಲು ಬಿಡುತ್ತಿರಲಿಲ್ಲ. ಕಾದು ಕಾದು ಕಾವಲಿನ ಗಡಿಯಾರ ಕಂಪ್ಯೂಟರನ್ನೇ ಮತ್ತೆ ಶುರು ಮಾಡಿಬಿಡುತ್ತಿತ್ತು. ಬೀಗ ಹಿಡಿದವನಿಗೆ ಅಷ್ಟು ಹೊತ್ತು ಕಾಯುವವನ ತುರ್ತನ್ನೇ ಕೊಡುವ ಒಂದು ಸೌಲಭ್ಯ ಆ ವಿಎಕ್ಸ್‌ವರ್ಕ್ಸ್ ವ್ಯವಸ್ಥೆಯಲ್ಲಿ ಮೊದಲೇ ಇತ್ತು. ಅದನ್ನು ಇಲ್ಲಿಂದಲೇ ಆನ್ ಮಾಡಿದರು, ಸರಿಯಾಯಿತು. ಇಂಥ ಹೊತ್ತಿನ ಶಿಸ್ತನ್ನು ಲಿನಕ್ಸ್‌ಗೆ ತರಲು ಥಾಮಸ್ ಗ್ಲೈಕ್ಸ್‌ನರ್ ಮತ್ತು ಜತೆಗಾರರು ಸುಮಾರು ಇಪ್ಪತ್ತು ವರ್ಷ ದುಡಿದರು. ಅವರ ರಿಯಲ್‌ಟೈಮ್ ಕೆಲಸ ಮುಖ್ಯ ಕರ್ನಲ್‌ನಲ್ಲಿ ಪೂರ್ತಿ ಬಳಕೆಗೆ ಬಂದದ್ದು 2024ರ ನವೆಂಬರಿನ 6.12 ಆವೃತ್ತಿಯಲ್ಲಿ. ಆದರೂ ಬಯಾಸ್ ಮೇಲಿನಿಂದ ಬಂದು ನಿಲ್ಲಿಸಿದರೆ ಅದರ ಕೈಯಲ್ಲೂ ಏನೂ ಇಲ್ಲ. ಆದ್ದರಿಂದ ಆ ಕಂಪ್ಯೂಟರಿನಲ್ಲೇ, ಆ ಸೆಖೆಯಲ್ಲೇ ಅಳೆದು ನೋಡಬೇಕು.

ನಮ್ಮ ಮಕ್ಕಳು ಬಹಳ ಮಂದಿ ಐಟಿಐ, ಡಿಪ್ಲೊಮಾ ಮುಗಿಸಿ ಮಂಗಳೂರಿಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗುತ್ತಾರೆ. "ಕರ್ನಲ್ ಎಲ್ಲ ಕಂಪ್ಯೂಟರ್ ಎಂಜಿನಿಯರ್‌ಗಳಿಗೆ" ಎಂದು ಹೆದರಬೇಡಿ ಎಂದು ಅವರಿಗೆ ಹೇಳಬೇಕೆಂದೇ ಇದನ್ನು ಬರೆದದ್ದು. ಸ್ಕ್ರೂ, ಹಲ್ಲು, ವೇಗದ ಲೆಕ್ಕ ಗೊತ್ತಿರುವವನಿಗೆ ಅರ್ಧ ದಾರಿ ಮೊದಲೇ ಗೊತ್ತಿರುತ್ತದೆ. ಆ 0.1 ಮಿಲಿಮೀಟರ್ ಏನು ಎಂದು ಹೇಳಿದ್ದು ಡಿಪ್ಲೊಮಾದ ಪಾಠವೇ. ಉಳಿದದ್ದಕ್ಕೆ ಲಿನಕ್ಸ್ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಕ್ರಮ ಇಷ್ಟೇ. ಮೊದಲು ಎಷ್ಟು ತಪ್ಪಿದೆ ಎಂದು ಅಳೆಯಿರಿ. ಯಾವ ಹೊತ್ತಿಗೆ ತಪ್ಪುತ್ತದೆ ಎಂದು ಬರೆದಿಡಿ. ಸರಾಸರಿ ಬಿಟ್ಟು ಅತಿ ಕೆಟ್ಟದ್ದನ್ನು ನೋಡಿ. ನೋಡುವ ಸಾಧನವೇ ತಡ ಮಾಡದ ಹಾಗೆ ಜಾಗ್ರತೆ ಮಾಡಿ. ಕಾರಣ ಸಿಕ್ಕಿತು ಅನಿಸಿದರೆ ತಪ್ಪನ್ನು ಬೇಕೆಂದೇ ಬರಿಸಿ, ಬೇಕೆಂದೇ ನಿಲ್ಲಿಸಿ ತೋರಿಸಿ. ಅಲ್ಲಿಯವರೆಗೆ ಯಾರ ಹೆಸರನ್ನೂ ಹೇಳಬೇಡಿ.

ಆ ಹುಡುಗನ ಸಂಬಳದಲ್ಲಿ ಮುರಿದ ದುಡ್ಡನ್ನು ಮಾಲಕರು ಹಬ್ಬಕ್ಕೆ ನಾಲ್ಕು ದಿನ ಇರುವಾಗ ವಾಪಸ್ಸು ಕೊಟ್ಟರು. ಅವನು ಉಳಿದ ನೋಂಬುಗಳನ್ನು ಕೆಲಸದಲ್ಲಿದ್ದೇ ಹಿಡಿದ. ಈಗ ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ಪುಡಿ ತೆಗೆಯುವುದು ಅವನದೇ ಕೆಲಸ. ಎಫ್‌ಟ್ರೇಸ್ ಹಾಕುವುದನ್ನೂ ಕಲಿತಿದ್ದಾನೆ. ಮೊನ್ನೆ ರಾತ್ರಿ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಬೇರೊಂದು ಮೆಷಿನಿನ ಪಟ್ಟಿ, ಹ್ಯಾಶ್ ಗುರುತು ಬಿದ್ದ ಒಂದು ಸಾಲಿಗೆ ಕೆಂಪು ವೃತ್ತ ಹಾಕಿ "ಇಚ್ಚ, ಇದು ಎಂಥದು?" ಎಂದು ಕೇಳಿದ್ದಾನೆ. ಈ ಸಲದ್ದು ನೆಟ್‌ವರ್ಕ್ ಕಾರ್ಡಿನ ಕಾಲ್‌ಬ್ಯಾಕ್ ಇರಬೇಕು. ಆದಿತ್ಯವಾರ ಇಬ್ಬರೂ ಕೂತು ನೋಡುತ್ತೇವೆ, ಇನ್ ಶಾ ಅಲ್ಲಾಹ್.